ಬರೆಮರದ ಲೆಕ್ಕ

ಕೋಟಿಕುಳದ ಕುಂಞಂಬು ಹಡಗಿಳಿದು ಬಂದಾಗಲೆಲ್ಲ
ಒಂದು ಗೋಣಿ ತುಂಬ ಮರದ ಗಂಟು ತರುತ್ತಿದ್ದ.
ಚಿನ್ನ ಇರಬೇಕೆಂದು ಕುಂಬಳೆಯ ಪೋಲೀಸ
ಒಮ್ಮೆ ಬಿಚ್ಚಿಸಿ ನೋಡಿ, ಕಟ್ಟಿಗೆ ಎಂದು ನಕ್ಕು ಬಿಟ್ಟನಂತೆ.
ಬ್ರಯರ್ ಎಂದು ಅದರ ಹೆಸರು. ಇಟಲಿಯ ಗುಡ್ಡದ ಕುರುಚಲು ಗಿಡ,
ಮಣ್ಣೊಳಗೆ ಬುಡ ಗಡ್ಡೆಗಟ್ಟಿ
ಬೆಂಕಿಗೂ ಸುಲಭಕ್ಕೆ ಬಗ್ಗುವುದಿಲ್ಲ.
ಅಪ್ಪನ ಬಾಯಲ್ಲಿ ಅದು ಬರೆಮರ.
ತಪ್ಪು ಅನ್ನಿಸಲಿಲ್ಲ ಯಾರಿಗೂ:
ಮೈತುಂಬ ಬರೆ ಇತ್ತಲ್ಲ.

ತೊಟ್ಟಿಲು, ದಾರಂದ, ಕಡೆಗೋಲು ಮಾಡಿದ ದೂಮಣ್ಣ ಆಚಾರಿಯ ಕೈ
ಪೈಪು ಕಡೆಯತೊಡಗಿತು.
ಹೊಗೆ ಕುಡಿದವನಲ್ಲ, ವೀಳ್ಯ ಒಂದೇ ಚಟ.
ಖಾಲಿ ಪೈಪನ್ನೇ ತುಟಿಗಿಟ್ಟು ಗಾಳಿ ಎಳೆದು
"ಇದು ಮಾತಾಡುತ್ತದೆ, ಇದು ಗೊರಕೆ" ಎಂದುಬಿಡುತ್ತಿದ್ದ.

ನನಗೆ ಹದಿನಾರು. ಎಸೆಸೆಲ್ಸಿಯಲ್ಲಿ ಲೆಕ್ಕಕ್ಕೇ ಬಿದ್ದವಳು.
ನನ್ನ ಪಾಲಿಗೆ ಉಜ್ಜುವುದು, ಮತ್ತೆ ಲೆಕ್ಕಪುಸ್ತಕ.

ಬಿಲಿಯರ್ಡ್, ಡಬ್ಲಿನ್, ಬುಲ್‌ಡಾಗ್
ಎಂದು ಕುಂಞಂಬು ಹೇಳಿಕೊಟ್ಟ.
ನಾನು ಬರೆದುಕೊಂಡದ್ದು: ಗೇರುಹಣ್ಣು, ಲಾಳಿಕೆ, ಸೌಟು,
ಕುಕ್ಕರುಗಾಲಿನ ಅಜ್ಜ;
ಮೊಳದುದ್ದ ಕೊಳವೆಯದಕ್ಕೆ ನಮ್ಮ ಹೆಡ್ಮಾಸ್ಟರರ ಹೆಸರು.
ಅದನ್ನು ಇಲ್ಲಿ ಹೇಳುವುದಿಲ್ಲ.

ಆಕಾರ ಸುಲಭ. ಅದು ಅಪ್ಪನ ಕೈಯಲ್ಲಿ.
ದರ್ಜೆ ಮರದ ಕೈಯಲ್ಲಿ.

ತಳದಿಂದ ಬಾಯಿಗೆ ಎಳೆ ನೆಟ್ಟಗೆ,
ಎಣ್ಣೆ ಹಚ್ಚಿ ಬಾಚಿದ ತಲೆಯ ಹಾಗೆ, ಸುತ್ತಲೂ: ಒಂದು.
ಗೋಣಿಗೆ ಅಂಥದ್ದು ಎರಡೋ ಮೂರೋ.
ಬದಿಯಲ್ಲಿ ಬೂತಾಯಿ ಕಣ್ಣಿನಂತೆ ಚುಕ್ಕಿ ಚುಕ್ಕಿ:
ಒಂದಕ್ಕೆ ಹತ್ತಿರದ ಎರಡು.
ಎಳೆ ಹೊರಟು ಎಲ್ಲಿಗೆಂದು ಮರೆತದ್ದು: ಬರೀ ಎರಡು.
ಕಲ್ಲೋ ಮಣ್ಣೋ ನುಂಗಿ ಬೆಳೆದು ಹೊಂಡ ಬಿದ್ದಿದ್ದರೆ
ಮೈಯೆಲ್ಲ ಉಳಿಯಿಂದ ಕೊಚ್ಚಿ ಹಲಸಿನ ಸಿಪ್ಪೆ ಮಾಡಬೇಕು: ಮೂರು.
ಹೊಂಡ ಒಳಗೋಡೆ ದಾಟಿದರೆ ಒಲೆಗೆ.
ಸ್ನಾನದ ನೀರನ್ನು ಅಷ್ಟು ಸತಾಯಿಸಿದ ಸೌದೆ
ನಾನು ಬೇರೆ ಕಂಡಿಲ್ಲ.

ಮೋಸ ಏನೆಂದರೆ, ಹೊಂಡ ಕಾಣುವುದು ಕೊನೆಗೆ.
ಮೂರು ದಿನ ಉಜ್ಜಿ, ಸೊನ್ನೆ ನಂಬ್ರದ ಮರಳುಕಾಗದಕ್ಕೆ ಬಂದು,
ಒಂದು, ಒಂದು ಎಂದು ಮನಸ್ಸು ಜಪಿಸುತ್ತಿರುವಾಗ
ಸಾಸಿವೆಯಷ್ಟು ಕಪ್ಪು ಬಾಯಿ ತೆರೆಯುತ್ತದೆ.

ಹಾಗೆ ತೆರೆದದ್ದು ಒಂದು ಗೇರುಹಣ್ಣು.
ಎಳೆಯೋ, ಕೂದಲಷ್ಟೂ ಆಚೀಚೆ ಇಲ್ಲ.
ಅಪ್ಪ ಮಂಜೇಶ್ವರಕ್ಕೆ ಹೋಗಿದ್ದ.
ಅರಗು ಕರಗಿಸಿ, ಮರದ ಹುಡಿ ಕಲಸಿ
ಸೂಜಿಯ ತುದಿಯಿಂದ ತುಂಬಿದೆ.
ಉಜ್ಜಿದೆ, ಮೇಣ ತಿಕ್ಕಿದೆ, ಬರೆದೆ: ೧.
ಅಂಕಿ ಚೆಂದವಾಗಿಯೇ ಬಂತು.

ನಾಲ್ಕು ವರ್ಷದ ಮೇಲೆ ಕುಂಞಂಬು
ಅದನ್ನೇ ತಂದು ಮಣೆಯ ಮೇಲಿಟ್ಟ.
ಬಾಯಂಚು ಸುಟ್ಟಿತ್ತು. ಕೊಳವೆಯಲ್ಲಿ ಹಲ್ಲಿನ ಗುರುತು.
ಅರಗು ಬಿಸಿಗೆ ಎಂದೋ ಉದುರಿ
ಹೊಂಡದ ಅಂಚು ನಯವಾಗಿ ಹೊಳೆಯುತ್ತಿತ್ತು.
ಅಪ್ಪ ಉಗುರಿನಿಂದ ಮುಟ್ಟಿ ನೋಡಿ ಪುಸ್ತಕ ಕೇಳಿದ.
ಎಲೆಗೆ ಸುಣ್ಣ ಹಚ್ಚುವಷ್ಟು ಹೊತ್ತು ಸುಮ್ಮನಿದ್ದು
"ಎರಡು ಅಂತ ಬರೆದಿದ್ದರೂ ಅವ ಕೊಳ್ಳುತ್ತಿದ್ದ" ಅಂದ.

"ದೂರು ಅಲ್ಲ ಆಚಾರ್ರೆ," ಕುಂಞಂಬು ನಡುವೆ ಬಾಯಿ ಹಾಕಿದ.
"ಚೀಫ್ ಇಂಜಿನಿಯರಿಗೆ ಇನ್ನೊಂದು ಬೇಕಂತೆ.
ಹೊಂಡ ಇದೇ ಜಾಗದಲ್ಲಿ.
ರಾತ್ರಿ ಪಾಳಿಯಲ್ಲಿ ಹೆಬ್ಬೆರಳು ಅದನ್ನು ಹುಡುಕುತ್ತದಂತೆ."

ಅಪ್ಪ ನಗಲಿಲ್ಲ. ಗೋಣಿ ಬಿಚ್ಚಿ
ಒಂದೊಂದೇ ಗಂಟು ಎತ್ತಿ, ಕಿವಿಯ ಹತ್ತಿರ ತಟ್ಟಿ, ಕೆಳಗಿಟ್ಟ.
"ಬೈರಿಗೆಯಲ್ಲಿ ತೋಡಿದರೆ ಅದು ತೂತು ಮಾರಾಯ.
ಹೊಂಡ ಮರವೇ ಕೊಡಬೇಕು."

ಮರ ಕೊಡಲಿಲ್ಲ. ಕುಂಞಂಬುವೂ ಹಡಗು ಬಿಟ್ಟ.
ಪುಸ್ತಕದಲ್ಲಿ ಆ ೧ ಹಾಗೆಯೇ ಉಂಟು.
ಪಕ್ಕದಲ್ಲಿ ಅಪ್ಪನ ಪೆನ್ಸಿಲಿನ ಒಂದು ಚುಕ್ಕೆ,
ಸಾಸಿವೆಯಷ್ಟು.